ಏರಿಯ ಬುಡ ನೋಡಿ ನಡೆ

ಮಗಳೇ, ಕೆರೆಗಳ ಕೆಲಸಕ್ಕೆ ಸೇರುತ್ತಿದ್ದೀಯ, ಗುಬ್ಬಿ, ಕುಣಿಗಲ್ ಕಡೆಯ ಏರಿಗಳೇ ಮೊದಲು ನಿನ್ನ ಕೈಗೆ ಬರುತ್ತವೆ ಎಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ನೀನು ಓದಿದ ಪುಸ್ತಕಗಳು ನಾನು ಓದಿದ್ದಕ್ಕಿಂತ ಹೊಸವು. ನಾವು ಗ್ರಾಫ್ ಹಾಳೆಯ ಮೇಲೆ ಎರಡು ದಿನ ಕೂತು ಹಾಕುತ್ತಿದ್ದ ಇಳಿಜಾರಿನ ಲೆಕ್ಕವನ್ನು ನೀನು ಕಂಪ್ಯೂಟರಿನಲ್ಲಿ ಎರಡು ನಿಮಿಷಕ್ಕೆ ತೆಗೆಯುತ್ತೀಯ. ಅದನ್ನು ನಾನು ಕಲಿಸಬೇಕಾಗಿಲ್ಲ. ದೊಡ್ಡಪ್ಪನಾಗಿ ಒಂದೇ ಮಾತು ಹೇಳಬೇಕಿದೆ. ಮಣ್ಣಿನ ಏರಿಯನ್ನು ಕೆಡವುವ ನೀರು ಬಹಳ ಸಲ ಕಣ್ಣಿಗೆ ಕಾಣುವುದಿಲ್ಲ. ಅದು ಏರಿಯ ಹೊಟ್ಟೆಯೊಳಗೆ, ಬುಡದ ನೆಲದೊಳಗೆ ಇರುತ್ತದೆ. ಭೂಮಿ ನಡುಗಿದ ದಿನ ಏರಿ ಉಳಿಯುತ್ತದೋ ಬೀಳುತ್ತದೋ ಎನ್ನುವುದನ್ನೂ ಆ ನೀರೇ ಮುಂಚಿತವಾಗಿ ತೀರ್ಮಾನಿಸಿರುತ್ತದೆ.

"ನಮ್ಮ ಕಡೆ ಎಲ್ಲಿ ಭೂಕಂಪ ದೊಡ್ಡಪ್ಪ" ಎಂದು ಕೇಳುತ್ತೀಯ. ನಿಜ, ಭಾರತೀಯ ಮಾನಕದ 2016ರ ನಕ್ಷೆಯಲ್ಲಿ ತುಮಕೂರು ಎರಡನೇ ವಲಯದಲ್ಲಿದೆ, ಆ ನಕ್ಷೆಯ ಪ್ರಕಾರ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯ ಅದೇ. ನಮ್ಮ ಕಾಲ ಕೆಳಗಿರುವುದು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ. ಆದರೆ ಕಿಲ್ಲಾರಿಯನ್ನು ಮರೆಯಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಕಂಪನ ಲಾತೂರು, ಉಸ್ಮಾನಾಬಾದ್ ಸೀಮೆಯ ಹಳ್ಳಿಗಳನ್ನು ನೆಲಸಮ ಮಾಡಿ ಸಾವಿರಾರು ಜನರನ್ನು ಮಲಗಿದಲ್ಲೇ ಮುಚ್ಚಿತು. ಅಂದಿನ ನಕ್ಷೆಯಲ್ಲಿ ಆ ಜಾಗ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1900ರ ಫೆಬ್ರವರಿ 8ರಂದು ಕೊಯಮತ್ತೂರಿನ ಕಡೆ ಆರರ ಆಸುಪಾಸಿನ ಕಂಪನ ಆಗಿತ್ತು. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ, 2022ರ ಮಳೆಗಾಲದ ಶುರುವಿನಲ್ಲಿ ಸುಳ್ಯ, ಕೊಡಗಿನ ಗಡಿಯಲ್ಲಿ ಸಣ್ಣ ನಡುಕಗಳಾಗಿ ಜನ ಮನೆಯಿಂದ ಹೊರಗೆ ಬಂದು ನಿಂತಿದ್ದರು. ನಾಳೆ ತುಮಕೂರು ನಡುಗಿಹೋಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಸಣ್ಣ ನಡುಕ ಬಂದೀತು, ಅದು ಬರುವ ದಿನ ನಿನ್ನ ಏರಿಗಳು ಯಾವ ಸ್ಥಿತಿಯಲ್ಲಿರಬೇಕು ಎನ್ನುವುದು ನಿನ್ನ ಕೈಯಲ್ಲಿದೆ, ಅಷ್ಟೇ ನನ್ನ ಮಾತು.

ಕಣದಲ್ಲಿ ರಾಗಿ ತೂರಿ ರಾಶಿ ಹಾಕುವುದನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯ. ರಾಶಿ ತನ್ನದೇ ಒಂದು ಇಳಿಜಾರಿಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಕಡಿದಾಗಿ ನಿಲ್ಲಿಸಲು ಹೋದರೆ ಜಾರುತ್ತದೆ. ಕಾಳಿಗೆ ಕಾಳು ಒತ್ತಿ ಉಜ್ಜುವ ಬಿಗಿಯೇ ರಾಶಿಯನ್ನು ಹಿಡಿದಿರುವುದು. ಮಣ್ಣಿನ ಏರಿಯೂ ಬಹುಪಾಲು ಅದೇ ಬಿಗಿಯ ಮೇಲೆ ನಿಂತಿದೆ. ಜೇಡಿಯ ಜಿಗುಟು ಅದರ ಜೊತೆಗೆ ಸೇರುತ್ತದೆ. ಈಗ ಕಣಗಳ ಸಂದಿಗೆ ನೀರು ತುಂಬಿತು ಎಂದಿಟ್ಟುಕೋ. ಆ ನೀರಿಗೆ ತನ್ನದೇ ಒತ್ತಡವಿದೆ, ಅದು ಕಣಗಳನ್ನು ಒಂದರಿಂದ ಒಂದನ್ನು ದೂರ ತಳ್ಳುತ್ತದೆ. ಐದು ಮೀಟರ್ ಆಳದಲ್ಲಿ, ಪೂರ್ತಿ ನೆನೆದ ಮಣ್ಣು ಚದರ ಮೀಟರಿಗೆ ಸುಮಾರು ಹತ್ತು ಟನ್ ಭಾರ ಹಾಕುತ್ತದೆ. ನೀರಿನ ಮಟ್ಟ ಮೇಲಿನವರೆಗೂ ಇದ್ದರೆ ಅದರಲ್ಲಿ ಐದು ಟನ್ನನ್ನು ನೀರೇ ಹೊತ್ತುಕೊಳ್ಳುತ್ತದೆ. ಕಣಕ್ಕೆ ಕಣ ಒತ್ತಲು ಉಳಿದದ್ದು ಐದೇ ಟನ್. ಭಾರ ಅಷ್ಟೇ ಇದೆ, ಬಿಗಿ ಅರ್ಧವಾಗಿದೆ. 1925ರಲ್ಲಿ ಕಾರ್ಲ್ ಟೆರ್ಜಾಘಿ ತನ್ನ ಪುಸ್ತಕದಲ್ಲಿ ಈ ಲೆಕ್ಕವನ್ನು ಸ್ಪಷ್ಟವಾಗಿ ಇಟ್ಟ ಮೇಲೆಯೇ ಮಣ್ಣಿನ ಕೆಲಸ ಒಂದು ಶಾಸ್ತ್ರವಾಯಿತು. ನೀನು ಇದನ್ನು ಪರೀಕ್ಷೆಗೆ ಓದಿ ಬರೆದಿದ್ದೀಯ, ಗೊತ್ತು. ಏರಿಯ ಮೇಲೆ ನಿಂತಾಗಲೂ ಅದು ನೆನಪಾಗಬೇಕು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಇದನ್ನು ನಿನ್ನ ಡೈರಿಯ ಮೊದಲ ಪುಟದಲ್ಲಿ ಬರೆದುಕೋ. ಒಂದಕ್ಕೆ ಮೂರು ಇಳಿಜಾರಿನ ಏರಿ, ಗರಸು ಸೇರಿದ ಗಟ್ಟಿ ಮಣ್ಣು, ಅದರ ಘರ್ಷಣೆಯ ಕೋನ 35 ಡಿಗ್ರಿ. ಜಿಗುಟನ್ನು ಲೆಕ್ಕಕ್ಕೆ ಹಿಡಿಯದೆ, ಮೇಲ್ಮೈಗೆ ಸಮನಾಗಿ ಒಂದು ಪದರ ಜಾರಬಹುದು ಎಂದುಕೊಂಡು, ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸು. ಏರಿ ಒಣಗಿದ್ದಾಗ ಬರುವ ಭದ್ರತೆಯ ಅಂಕ 2.1. ನೀರು ಗದ್ದೆ ಕಡೆಯ ಮೈಯುದ್ದಕ್ಕೂ ಒಸರುತ್ತಿದ್ದರೆ ಅದೇ ಏರಿಯ ಅಂಕ 1.05. ಈಗ ಭೂಮಿ ನಡುಗಿ, ಮಣ್ಣಿನ ತೂಕದ ನೂರರಲ್ಲಿ ಐದು ಭಾಗದಷ್ಟು ಬಲ ಅಡ್ಡಕ್ಕೆ ತಳ್ಳಿತು ಎನ್ನು. ಒಣ ಏರಿಯ ಅಂಕ 1.8ಕ್ಕೆ ಇಳಿಯುತ್ತದೆ, ಏನೂ ಆಗುವುದಿಲ್ಲ, ಮಾರನೆಯ ದಿನ ಜನ ಅದರ ಮೇಲೆ ಗಾಡಿ ಹೊಡೆಯುತ್ತಾರೆ. ನೆನೆದ ಏರಿಯ ಅಂಕ 0.88. ಒಂದಕ್ಕಿಂತ ಕೆಳಗೆ ಹೋಯಿತೆಂದರೆ ಜಾರಿತು ಎಂದೇ ಅರ್ಥ. ಏರಿ ಅದೇ, ಮಣ್ಣು ಅದೇ, ನಡುಕವೂ ಅದೇ. ನೀರು ಎರಡರಲ್ಲಿ ಒಂದು ಪಾಲನ್ನು ಪೂರ್ತಿ ತೆಗೆದುಕೊಂಡುಬಿಟ್ಟಿತ್ತು. ನಡುಕ ತೆಗೆದದ್ದು ಅದರ ಮುಂದೆ ಬಹಳ ಕಡಿಮೆ. ನಮ್ಮ ಮಾನಕಗಳು ತುಂಬಿದ ಕೆರೆಯ ಸಹಜ ಜಿನುಗಿಗೆ 1.5 ಅಂಕ ಇರಬೇಕು ಎನ್ನುವುದು, ಭೂಕಂಪವನ್ನು ಸೇರಿಸಿದಾಗ 1.0 ಇದ್ದರೂ ಒಪ್ಪುವುದು ಇದಕ್ಕೇ. ಆ 1.5 ಅನ್ನು ಉಳಿಸಿಕೊಂಡರೆ ನಮ್ಮ ಸೀಮೆಯ ನಡುಕವನ್ನು ಏರಿ ತಡೆದುಕೊಳ್ಳುತ್ತದೆ.

ನಡುಕಕ್ಕೂ ನೀರಿಗೂ ಇನ್ನೊಂದು ಸಂಬಂಧವಿದೆ, ಅದು ಇದಕ್ಕಿಂತ ಕ್ರೂರವಾದದ್ದು. ಸಡಿಲವಾದ ಮರಳು ನೀರಲ್ಲಿ ನೆನೆದಿರುವಾಗ ನಡುಗಿದರೆ ಕಣಗಳು ಹತ್ತಿರ ಸರಿದು ಕೂರಲು ನೋಡುತ್ತವೆ. ನಡುವಿನ ನೀರಿಗೆ ಹೊರಗೆ ಹೋಗಲು ಸಮಯವಿಲ್ಲ. ಪ್ರತಿ ಅಲುಗಾಟಕ್ಕೂ ಅದರ ಒತ್ತಡ ಏರುತ್ತಾ ಹೋಗಿ, ಕೊನೆಗೆ ಮೇಲಿನ ಭಾರವನ್ನೆಲ್ಲ ನೀರೇ ಹೊತ್ತಾಗ ಕಣಗಳ ಹಿಡಿತ ಬಿಟ್ಟುಹೋಗುತ್ತದೆ. ಗಟ್ಟಿ ನೆಲ ಅಂಬಲಿಯಾಗುತ್ತದೆ.

2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಕಚ್ಛದ ಭೂಕಂಪದಲ್ಲಿ ಆದದ್ದು ಇದೇ. ಭುಜ್, ಅಂಜಾರ್, ಭಚಾವ್ ಊರುಗಳ ಸಾವುನೋವು ಎಲ್ಲರಿಗೂ ನೆನಪಿದೆ. ಆ ದಿನ ಅಲ್ಲಿನ ಮಣ್ಣಿನ ಅಣೆಕಟ್ಟುಗಳಿಗೆ ಏನಾಯಿತು ಎನ್ನುವುದನ್ನು ನಮ್ಮಂಥವರು ಓದಲೇಬೇಕು. ಚಾಂಗ್, ಟಪ್ಪರ್, ಸುವಿ, ಶಿವಲಖಾ, ಕಸ್ವತಿ, ರುದ್ರಮಾತಾ, ಫತೇಗಢ ಹೀಗೆ ಸಾಲು ಸಾಲು ಒಡ್ಡುಗಳು ಬಿರುಕು ಬಿಟ್ಟವು, ನೀರಿನ ಕಡೆಯ ಮೈ ಜಾರಿತು, ಚಾಂಗ್ ಅಂತೂ ಕುಸಿದೇಹೋಯಿತು. ಬರಗಾಲದ ವರ್ಷಗಳಾಗಿದ್ದರಿಂದ ಜಲಾಶಯಗಳಲ್ಲಿ ನೀರು ತಳ ಕಂಡಿತ್ತು, ಹಾಗಾಗಿ ಕೆಳಗಿನ ಊರುಗಳು ಬದುಕಿದವು. ಇಲ್ಲಿ ನೀನು ಗಮನಿಸಬೇಕಾದ್ದು ಬೇರೆಯದೇ ಇದೆ. ಜಲಾಶಯ ಬರಿದಾಗಿದ್ದರೂ ಒಡ್ಡು ಯಾಕೆ ಕುಸಿಯಿತು? ಒಡ್ಡಿನ ಬುಡದಲ್ಲಿದ್ದ ಹಳೆಯ ಹೊಳೆಯ ಮೆಕ್ಕಲು ಮಣ್ಣು ಒಳಗೆ ಇನ್ನೂ ನೀರಲ್ಲಿ ನೆನೆದಿತ್ತು. ಕೆರೆ ಒಣಗಿದ್ದು ಕಣ್ಣಿಗೆ ಕಂಡಿತು, ಕೆಳಗಿನ ಅಂತರ್ಜಲ ಕಾಣಲಿಲ್ಲ.

ನಮ್ಮ ಕೆಮ್ಮಣ್ಣು, ಜೇಡಿ ಸೇರಿದ ನೆಲ ಕಚ್ಛದ ಮೆಕ್ಕಲಿನಷ್ಟು ಸುಲಭವಾಗಿ ಕರಗುವುದಿಲ್ಲ, ಇದು ಸಮಾಧಾನದ ಸಂಗತಿ. ಆದರೆ ಯಾವ ಕೆರೆಯನ್ನಾದರೂ ತೆಗೆದುಕೋ, ಏರಿ ಎಲ್ಲಿ ಅತಿ ಎತ್ತರವಾಗಿದೆಯೋ ಅಲ್ಲೇ ಹಳೆಯ ಹಳ್ಳದ ಹಾದಿ ಇರುತ್ತದೆ. ಹಳ್ಳಕ್ಕೆ ಅಡ್ಡಲಾಗಿ ತಾನೇ ಏರಿ ಕಟ್ಟುವುದು. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಶಿಂಷಾ ಹೊಳೆಗೇ ಅಡ್ಡ ಕಟ್ಟಿದ್ದು. ಶ್ರೀರಾಮ ಕಟ್ಟಿಸಿದ್ದು ಎಂಬ ಐತಿಹ್ಯ ಇರುವಷ್ಟು ಹಳೆಯ ಕೆರೆ. ಅದೇ ಶಿಂಷಾ ದೇವರಾಯನದುರ್ಗದ ಕಡೆ ಹುಟ್ಟಿ, ಗುಬ್ಬಿ ದಾಟಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಮತ್ತೆ ತಡೆ ಕಾಣುತ್ತದೆ. ಮಾರ್ಕೋನಹಳ್ಳಿಯಲ್ಲಿ ನಡುವೆ ಕಲ್ಲುಕಟ್ಟಡ, ತಾನಾಗಿಯೇ ನೀರು ಹೊರಹಾಕುವ ಸೈಫನ್ನುಗಳು. ಎಲ್ಲರೂ ಅದನ್ನು ನೋಡಲು ಹೋಗುತ್ತಾರೆ. ನೀನು ಹೋದಾಗ ಎರಡೂ ಕಡೆ ಚಾಚಿರುವ ಉದ್ದನೆಯ ಮಣ್ಣಿನ ಏರಿಗಳನ್ನು ನೋಡು, ಕಲ್ಲು ಮಣ್ಣು ಕೂಡುವ ಜಾಗವನ್ನು ಇನ್ನೂ ಎಚ್ಚರದಿಂದ ನೋಡು. ಎರಡು ಬಗೆಯ ಕಟ್ಟಡ ಸೇರುವಲ್ಲಿ ನೀರು ದಾರಿ ಹುಡುಕುತ್ತದೆ, ನಡುಗಿದಾಗ ಎರಡೂ ಒಂದೇ ರೀತಿ ಅಲುಗುವುದಿಲ್ಲ. ತೂಬಿನ ಕೊಳವೆ ಏರಿಯನ್ನು ಹಾದುಹೋಗುವ ಜಾಗಕ್ಕೂ ಇದೇ ಮಾತು ಸಲ್ಲುತ್ತದೆ.

ಇನ್ನೊಂದು ಸಂಗತಿ ಕ್ಯಾಲಿಫೋರ್ನಿಯಾದಿಂದ. 1971ರ ಫೆಬ್ರವರಿ 9ರ ಭೂಕಂಪದಲ್ಲಿ ಲೋಯರ್ ಸ್ಯಾನ್ ಫೆರ್ನಾಂಡೊ ಎಂಬ ಮಣ್ಣಿನ ಅಣೆಕಟ್ಟಿನ ನೀರಿನ ಕಡೆಯ ಮೈ ತಲೆಯ ಸಮೇತ ಜಲಾಶಯದೊಳಕ್ಕೆ ಜಾರಿತು. ಉಳಿದ ಒಡಕು ಮಣ್ಣು ನೀರಿನ ಮಟ್ಟಕ್ಕಿಂತ ಒಂದೂವರೆ ಮೀಟರ್ ಮಾತ್ರ ಮೇಲಿತ್ತು. ಕೆಳಗಿನ ಸುಮಾರು 80,000 ಜನರನ್ನು ಮನೆ ಬಿಡಿಸಿದರು, ನೀರನ್ನು ಇಳಿಸಿದರು, ಅನಾಹುತ ತಪ್ಪಿತು. ಆಮೇಲೆ ಅಲ್ಲಿದ್ದ ಉಪಕರಣದ ದಾಖಲೆ ನೋಡಿದರೆ, ಆ ದೊಡ್ಡ ಜಾರುವಿಕೆ ಆದದ್ದು ನಡುಕ ನಿಂತು ಸುಮಾರು ಅರ್ಧ ನಿಮಿಷವಾದ ಮೇಲೆ. ಒಳಗೆ ಏರಿದ ನೀರಿನ ಒತ್ತಡ ಅಕ್ಕಪಕ್ಕದ ಮಣ್ಣಿಗೆ ಹಬ್ಬುತ್ತಾ ಹೋಗಿ, ನೆಲ ಸುಮ್ಮನಾದ ಮೇಲೆ ಕೆಡವಿತು. ಆದ್ದರಿಂದ ನಿನ್ನ ಸೀಮೆಯಲ್ಲಿ ಯಾವತ್ತಾದರೂ ಪಾತ್ರೆ ಅಲುಗುವಷ್ಟು ನಡುಕ ಬಂದರೆ, ಏನೂ ಆಗಲಿಲ್ಲ ಎಂದು ಫೋನಿನಲ್ಲಿ ವರದಿ ಮುಗಿಸಬೇಡ. ಅವತ್ತೇ ತುಂಬಿದ ಕೆರೆಗಳ ಏರಿ ನಡೆದು ನೋಡು, ಮಾರನೆಯ ದಿನ ಮತ್ತೆ ನೋಡು, ಆ ವಾರವೆಲ್ಲ ನೋಡು. ಜಿನುಗು ಹೆಚ್ಚಿದೆಯೇ, ಬಣ್ಣ ತಿರುಗಿದೆಯೇ, ಏರಿಯ ತಲೆಯಲ್ಲಿ ಉದ್ದಕ್ಕೆ ಗೆರೆ ಬಿದ್ದಿದೆಯೇ.

ಈಗ ನಮ್ಮ ಊರಿನ ನಿಜಸ್ಥಿತಿಗೆ ಬರುತ್ತೇನೆ, ನನ್ನ ಕಳವಳ ಇರುವುದೆಲ್ಲ ಇಲ್ಲಿ.

ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಟ್ಟಲೆ ಬತ್ತಿದ್ದವು. ಬೋರ್‌ವೆಲ್ ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಕಾಲವನ್ನು ನೀನೂ ಕಂಡಿದ್ದೀಯ. ಆ ವರ್ಷಗಳಲ್ಲಿ ಏರಿಯ ಜೇಡಿ ಒಣಗಿ ಕುಗ್ಗಿ ಸೀಳಿತು. ಜಾಲಿ ಬೆಳೆದು ಬೇರು ಆಳಕ್ಕೆ ಹೋಯಿತು, ಮರ ಕಡಿದ ಮೇಲೆ ಬೇರು ಕೊಳೆತು ಅದರ ಜಾಗ ಟೊಳ್ಳಾಯಿತು. ಹೆಗ್ಗಣ, ಏಡಿ ಬಿಲ ತೋಡಿದವು, ಗೆದ್ದಲು ಹುತ್ತ ಎಬ್ಬಿಸಿತು. ಆಮೇಲೆ ಹೇಮಾವತಿ ನೀರು ಬಾಗೂರು–ನವಿಲೆ ಸುರಂಗ ದಾಟಿ, ತುಮಕೂರು ನಾಲೆಯಲ್ಲಿ ಬಂದು ಕೆರೆ ತುಂಬತೊಡಗಿತು. 2022ರಂಥ ಭಾರಿ ಮಳೆಯ ವರ್ಷವೂ ಬಂತು, ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು, ನನಗೂ ಕಣ್ಣು ತುಂಬಿ ಬಂತು. ಆದರೆ ಬಹಳ ವರ್ಷ ಒಣಗಿದ್ದ ಏರಿಗೆ ಒಂದೇ ಸಲ ನೀರು ನಿಂತಾಗ ಆ ಸೀಳು, ಬಿಲ, ಬೇರಿನ ಟೊಳ್ಳುಗಳೆಲ್ಲ ಒಳಗೆ ನೀರಿನ ಹಾದಿಗಳಾಗುತ್ತವೆ. ಕೆರೆ ತುಂಬಿದ ಮೊದಲ ವರ್ಷವೇ ಏರಿಗೆ ಅತಿ ಕಷ್ಟದ ವರ್ಷ, ಮರೆಯಬೇಡ. ಹುತ್ತಕ್ಕೆ ಪೂಜೆ ಮಾಡುವವರನ್ನು ನೋಯಿಸಬೇಡ. ಊರಿನ ಹಿರಿಯರ ಜೊತೆ ಕೂತು ಮಾತಾಡು, ನಾಗರಕಲ್ಲನ್ನು ಪಕ್ಕದ ಅರಳಿಕಟ್ಟೆಗೆ ಸೇರಿಸಲು ಅವರೇ ಒಪ್ಪುತ್ತಾರೆ. ಆಮೇಲೆ ಹುತ್ತವನ್ನು ಬುಡದವರೆಗೂ ಅಗೆದು, ಒದ್ದೆ ಮಣ್ಣು ಪದರ ಪದರವಾಗಿ ತುಂಬಿ ಕುಟ್ಟಿಸು. ಮೇಲಿನ ಗುಡ್ಡೆಯನ್ನಷ್ಟೇ ಚಪ್ಪಟೆ ಮಾಡಿದರೆ ಒಳಗಿನ ಗೂಡು ಹಾಗೇ ಉಳಿಯುತ್ತದೆ.

ಹೂಳೆತ್ತುವ ಕೆಲಸ ಬಂದಾಗ ಜೇಸಿಬಿಯವನಿಗೆ ಏರಿಯಿಂದ ಎಷ್ಟು ದೂರ ನಿಲ್ಲಬೇಕೆಂದು ನೀನೇ ಸುಣ್ಣದ ಗೆರೆ ಹಾಕಿ ತೋರಿಸು. ಏರಿಯ ನೀರಿನ ಕಡೆಯ ಬುಡದಲ್ಲಿ ಕೂತಿರುವ ಹೂಳು ಕಸವಲ್ಲ. ನೂರಾರು ವರ್ಷ ತೆಳ್ಳಗೆ ಕೂತು ಕೂತು ಅದು ನೀರು ಒಳಹೋಗದಂತೆ ತಡೆಯುವ ಹೊದಿಕೆಯಾಗಿದೆ, ಬುಡಕ್ಕೆ ಭಾರವಾಗಿಯೂ ನಿಂತಿದೆ. ಅದನ್ನು ಕೆರೆದು ಕೆಳಗಿನ ಮರಳನ್ನು ತೆರೆದಿಟ್ಟರೆ ಏರಿಯ ಅಡಿಯಿಂದ ನೀರು ನುಗ್ಗುತ್ತದೆ, ಬುಡ ಕಡಿದರೆ ಮೈ ಕೂರುತ್ತದೆ. ಇಟ್ಟಿಗೆ ಗೂಡಿಗೆ, ಬಡಾವಣೆ ತುಂಬಿಸಲು ಮಣ್ಣು ಕೇಳಿಕೊಂಡು ಬರುವವರು ಬುಡದಲ್ಲೇ ತೋಡಲು ನೋಡುತ್ತಾರೆ, ಲಾರಿ ಹತ್ತಿಸಲು ಅನುಕೂಲ ಎಂದು. ಇಲ್ಲ ಎನ್ನು. ಯಾರ ಫೋನು ಬಂದರೂ ಇಲ್ಲ ಎನ್ನು.

ನಗರದ ಕೆರೆಗಳ ಕಥೆ ಬೇರೆ. ತುಮಕೂರಿನ ಅಮಾನಿಕೆರೆಯಂಥ ಕಡೆ ಸಾವಿರಾರು ಜನ ಬೆಳಿಗ್ಗೆ ಸಂಜೆ ನಡೆಯುತ್ತಾರೆ, ಅದು ಒಳ್ಳೆಯದೇ. ಆದರೆ ಎಲ್ಲೇ ಆಗಲಿ ಏರಿಯನ್ನು ಚೆಂದ ಮಾಡಲು ಹೊರಟಾಗ ಗದ್ದೆ ಕಡೆಯ ಮೈಗೆ ಕಾಂಕ್ರೀಟ್ ಗೋಡೆ, ಹಾಸುಗಲ್ಲು ಬಂದು ಕೂರುತ್ತವೆ. ನೀರು ಹೊರಗೆ ಬರುವ ದಾರಿ ಮುಚ್ಚಿತು ಎಂದರೆ ಒಳಗಿನ ನೀರಿನ ಮಟ್ಟ ಏರುತ್ತದೆ, ನಾನು ಹೇಳಿದ 2.1 ಅಂಕ 1.05ರ ಕಡೆ ಜಾರುತ್ತದೆ, ಹೊರಗೆ ಮಾತ್ರ ಎಲ್ಲ ಒಣಗಿ ಅಂದವಾಗಿ ಕಾಣುತ್ತದೆ. ಗೋಡೆ ಕಟ್ಟಲೇಬೇಕಾದರೆ ಹಿಂದೆ ಮರಳು, ಜಲ್ಲಿ ತುಂಬಿಸಿ, ನೀರು ಬಸಿಯುವ ತೂತುಗಳನ್ನು ಬಿಡಿಸು, ಆ ತೂತುಗಳಿಂದ ಮಳೆಗಾಲದಲ್ಲಿ ನೀರು ಬರುತ್ತಿದೆಯೇ ಎಂದು ನೋಡು. ಬರದಿದ್ದರೆ ಯಾರೂ ಸಂತೋಷಪಡಬಾರದು. ಏರಿ ಅಗಲ ಮಾಡುವಾಗ ಹಳೆಯ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಸ ಮಣ್ಣನ್ನು ಬೆಸೆಯಬೇಕು. ಹುಲ್ಲಿನ ಮೇಲೇ ಸುರಿದರೆ ಹೊಸ ಮಣ್ಣು ಹೊಸದಾಗಿಯೇ ಉಳಿದು ಮೊದಲ ಮಳೆಗೆ ಜಾರುತ್ತದೆ.

ಏರಿ ಬೀಳುವುದು ಗದ್ದೆ ಕಡೆಗೇ ಎಂದು ತಿಳಿಯಬೇಡ. ತುಂಬಿದ ಕೆರೆಯ ನೀರನ್ನು ಅವಸರಕ್ಕೆ ಖಾಲಿ ಮಾಡಿದರೆ ನೀರಿನ ಕಡೆಯ ಮೈ ಜಾರುತ್ತದೆ. ಹೊರಗಿನ ನೀರು ಇಳಿದಿದೆ, ಮೈಯನ್ನು ಒತ್ತಿ ಹಿಡಿದಿದ್ದ ಆಸರೆ ಹೋಗಿದೆ, ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿಯಲಾರದು. ಅಪಾಯ ಕಂಡಾಗ ತೂಬೆತ್ತಿ ಮಟ್ಟ ಇಳಿಸುವುದು ಸರಿ, ಆದರೆ ಆ ಹೊತ್ತಿನಲ್ಲಿ ನೀರಿನ ಕಡೆಯ ಕಲ್ಲುಹಾಸನ್ನೂ ಒಬ್ಬರು ನೋಡುತ್ತಿರಬೇಕು. ಕಲ್ಲುಗಳ ಸಾಲು ಬಾಗಿ ಹೊಟ್ಟೆ ಬಂದರೆ ಇಳಿಸುವ ವೇಗ ಕಡಿಮೆ ಮಾಡಿಸು.

ಏರಿಯಲ್ಲದೆ ಕಡಿದ ಇಳಿಜಾರುಗಳೂ ನಿನ್ನ ಪಾಲಿಗೆ ಬರುತ್ತವೆ. ನಾಲೆಯ ಆಳದ ಕಟಾವುಗಳು, 2017ರಲ್ಲಿ ಶುರುವಾದ ಕುಣಿಗಲ್ ರೈಲು ಹಾದಿಯ ಮಣ್ಣಿನ ದಿಬ್ಬಗಳು, ಪೈಪು ಹೂಳಲು ತೋಡುವ ಉದ್ದನೆಯ ಗುಂಡಿಗಳು. ಬೇಸಿಗೆಯಲ್ಲಿ ಲಂಬವಾಗಿ ಕಡಿದ ಕೆಮ್ಮಣ್ಣು ಗೋಡೆಯಂತೆ ನಿಂತಿರುತ್ತದೆ. ಕಣಗಳ ನಡುವಿನ ಸ್ವಲ್ಪ ತೇವವೇ ಅವುಗಳನ್ನು ಹತ್ತಿರ ಎಳೆದು ಹಿಡಿದಿರುತ್ತದೆ. ಅದೇ ಮಣ್ಣು ಪೂರ್ತಿ ನೆನೆದಾಗ ಆ ಎಳೆತ ಇಲ್ಲವಾಗಿ ಒಂದೇ ಸಲ ಕುಸಿಯುತ್ತದೆ. ಘನ ಮೀಟರ್ ಮಣ್ಣು ಎರಡು ಟನ್ ತೂಗುತ್ತದೆ ಕಣಮ್ಮ, ಕೆಳಗೆ ಸಿಕ್ಕ ಕೂಲಿಯವನ ಎದೆ ತಡೆಯುವುದಿಲ್ಲ. ಒಂದೂವರೆ ಮೀಟರಿಗಿಂತ ಆಳ ತೋಡಿದರೆ ಇಳಿಜಾರು ಕೊಡಿಸು, ಇಲ್ಲವೇ ಹಲಗೆಯ ಆಸರೆ ಕೊಡಿಸು. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ನೀನು ನೋಡುವವರೆಗೆ ಯಾರೂ ಗುಂಡಿಗೆ ಇಳಿಯಕೂಡದು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ನದಿಗೆ ಬಿದ್ದಾಗ ಅಲ್ಲಿ ಭೂಕಂಪವಾಗಿರಲಿಲ್ಲ. ರಸ್ತೆಗಾಗಿ ಕಡಿದ ಬುಡ, ಮೇಲೆ ಎಡೆಬಿಡದ ಮಳೆ. ಕೊಡಗಿನಲ್ಲಿ 2018ರ ಜುಲೈನಲ್ಲಿ ಒಂದು ಸಣ್ಣ ನಡುಕವಾಗಿ, ಆಗಸ್ಟಿನಲ್ಲಿ ಬೆಟ್ಟಗಳು ಜಾರಿದಾಗ, ನಡುಕವೇ ಕಾರಣವಿರಬೇಕು ಎಂದು ಬಹಳ ಜನ ಮಾತಾಡಿಕೊಂಡರು. ಸ್ಥಳ ನೋಡಿದ ಭೂವಿಜ್ಞಾನಿಗಳು ಬೆರಳು ತೋರಿಸಿದ್ದು ವಿಪರೀತ ಮಳೆಯ ಕಡೆಗೆ, ಮನೆಗೂ ರಸ್ತೆಗೂ ತೋಟಕ್ಕೂ ಕಡಿದ ಇಳಿಜಾರುಗಳ ಕಡೆಗೆ. ನಡುಕವನ್ನು ದೂರುವುದು ಸುಲಭ, ಅದನ್ನು ಯಾರೂ ತಡೆಯಲಾರರು. ಚರಂಡಿ ಕಟ್ಟಿಕೊಂಡಿದ್ದಕ್ಕೆ, ಬುಡ ಕಡಿದದ್ದಕ್ಕೆ ಹೆಸರು ವಿಳಾಸ ಇರುತ್ತದೆ.

ಏರಿ ನೋಡಲು ಹೋದಾಗ ಜೀಪಿನಲ್ಲಿ ತಲೆಯ ಮೇಲೆ ಹೋಗಿ ಬರಬೇಡ, ಗದ್ದೆ ಕಡೆಯ ಬುಡದಲ್ಲಿ ನಡೆ. ಜೊತೆಗೆ ನೀರುಗಂಟಿಯನ್ನು ಕರೆದುಕೋ. ಅವನ ತಾತನೂ ಆ ತೂಬನ್ನೇ ಕಾದಿರುತ್ತಾನೆ, ಯಾವ ವರ್ಷ ಎಲ್ಲಿ ಒಸರಿತ್ತು ಎನ್ನುವುದು ಅವನಿಗೆ ಬಾಯಿಪಾಠ. ಹೆಸರಿಗೆ ಅಣ್ಣ, ಅಪ್ಪ ಸೇರಿಸಿ ಮಾತಾಡಿಸು. ಏಪ್ರಿಲ್ ಬಿಸಿಲಿನಲ್ಲೂ ಬುಡದಲ್ಲಿ ಜೊಂಡು, ಕೆಸುವು ಹಸಿರಾಗಿದ್ದರೆ ಅಲ್ಲಿ ನೀರು ಬರುತ್ತಿದೆ. ತೆಂಗಿನ ಮರ, ವಿದ್ಯುತ್ ಕಂಬ ವಾಲಿದ್ದರೆ ಕಾರಣ ಕೇಳು. ತಲೆಯಲ್ಲಿ ಉದ್ದಕ್ಕೆ ಬಿರುಕಿದ್ದರೆ ಎರಡೂ ಕಡೆ ಗೂಟ ಹೊಡೆದು ಮೊಳೆ ಇಟ್ಟು ನಡುವಿನ ಅಳತೆ ಬರೆದಿಡು, ವಾರಕ್ಕೊಮ್ಮೆ ಅಳೆ, ಮಳೆನೀರು ಇಳಿಯದಂತೆ ಟಾರ್ಪಾಲು ಮುಚ್ಚಿಸು.

ಜಿನುಗು ನೋಡಿದ ಕೂಡಲೇ ಗಾಬರಿಯಾಗಬೇಡ. ಜಿನುಗದ ಮಣ್ಣಿನ ಏರಿ ಇಲ್ಲ. ತಿಳಿಯಾಗಿ, ವರ್ಷದಿಂದ ವರ್ಷಕ್ಕೆ ಅಷ್ಟೇ ಬರುತ್ತಿದ್ದರೆ ಬಸಿಗಾಲುವೆ ತೆಗೆಸಿ ಹರಿಯಲು ಬಿಡು. ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಇಡು. ತಳದಲ್ಲಿ ಮಣ್ಣು ಕೂತರೆ ಏರಿಯ ಹೊಟ್ಟೆ ಕರಗಿ ಬರುತ್ತಿದೆ ಎಂದು ತಿಳಿ. ಆಗ ಒಂದು ರಾತ್ರಿಯನ್ನೂ ಕಳೆಯಬೇಡ.

ಆ ರಾತ್ರಿ ಊರವರು ಎಲ್ಲರೂ ಓಡಿ ಬರುತ್ತಾರೆ, ಒಳ್ಳೆಯ ಮನಸ್ಸಿನಿಂದ ಟ್ರ್ಯಾಕ್ಟರಿನಲ್ಲಿ ಜೇಡಿ ತಂದು ಆ ಬಾಯಿಯನ್ನು ಮುಚ್ಚಲು ನೋಡುತ್ತಾರೆ. ಅದಕ್ಕೆ ಬಿಡಬೇಡ. ಜೇಡಿಯಿಂದ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಒಳಗೆ ಒತ್ತಡ ಏರಿ ಪಕ್ಕದಲ್ಲಿ ಇನ್ನೂ ದೊಡ್ಡ ಬಾಯಿ ತೆರೆಯುತ್ತದೆ. ನೀರು ಹೊರಗೆ ಬರಲಿ, ಮಣ್ಣು ಬರಬಾರದು, ಕೆಲಸ ಇಷ್ಟೇ. ಆ ಜಾಗದ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ, ಕೊನೆಗೆ ಗುಂಡುಕಲ್ಲು ಹಾಕಿಸು. ನೀರು ಬುಗ್ಗೆಯಾಗಿ ಚಿಮ್ಮುತ್ತಿದ್ದರೆ ಸುತ್ತ ಮರಳು ಚೀಲದ ಕಟ್ಟೆ ಕಟ್ಟಿಸು. ಒಳಗೆ ನೀರು ನಿಂತು ಅದರ ಭಾರವೇ ಬುಗ್ಗೆಯನ್ನು ತಗ್ಗಿಸುತ್ತದೆ. ಅದೇ ಹೊತ್ತಿಗೆ ತೂಬು ಎತ್ತಿಸು, ಕೆಳಗಿನ ಊರಿಗೂ ಕೆಳಗಿನ ಕೆರೆಗೂ ಸುದ್ದಿ ಮುಟ್ಟಿಸು. ನಮ್ಮ ಕೆರೆಗಳು ಸರಣಿಯಲ್ಲಿವೆ, ಮೇಲಿನದು ಒಡೆದರೆ ಅದರ ನೀರೆಲ್ಲ ಕೆಳಗಿನದರ ಮೇಲೆ ಬರುತ್ತದೆ. ಮರಳು, ಜಲ್ಲಿ, ಖಾಲಿ ಚೀಲಗಳನ್ನು ದೊಡ್ಡ ಕೆರೆಗಳ ಏರಿಯ ಪಕ್ಕದಲ್ಲಿ ಮೇ ತಿಂಗಳಲ್ಲೇ ರಾಶಿ ಹಾಕಿಸಿಡು, ಟೆಂಡರಿನ ನೆಪ ಹೇಳಬೇಡ.

ಅಣೆಕಟ್ಟು ಸುರಕ್ಷತೆಗೆ ದೇಶದಲ್ಲಿ 2021ರ ಕಾಯ್ದೆ ಬಂದಿದೆ. ಅದು ಹದಿನೈದು ಮೀಟರಿಗಿಂತ ಎತ್ತರದ ಕಟ್ಟುಗಳಿಗೆ, ಕೆಲವು ಷರತ್ತಿನ ಮೇಲೆ ಹತ್ತರಿಂದ ಹದಿನೈದು ಮೀಟರಿನವಕ್ಕೆ. ನಮ್ಮ ಬಹುಪಾಲು ಕೆರೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಸಮಿತಿ ಬಂದು ನೋಡೀತು ಎಂದು ಕಾಯಬೇಡ, ಆ ಏರಿಗಳನ್ನು ನೋಡುವ ಕಣ್ಣು ನಿನ್ನದು, ನೀರುಗಂಟಿಯದು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ದೊಡ್ಡ ಹಣ ಬೇಡ. ನಿನ್ನ ಪಾಲಿನ ದೊಡ್ಡ ಕೆರೆಗಳಲ್ಲಿ, ಹಳೆಯ ಹಳ್ಳದ ಹಾದಿ ಇರುವ ಜಾಗದಲ್ಲಿ, ಗದ್ದೆ ಕಡೆಯ ಮೈಯಲ್ಲಿ ಮೂರು ಕಡೆ ಕೈಬೋರು ಹಾಕಿಸಿ ಪಿವಿಸಿ ಪೈಪು ಇಳಿಸು. ಕೆಳಗಿನ ತುದಿಯಲ್ಲಿ ಸಣ್ಣ ತೂತುಗಳು, ಸುತ್ತ ಮರಳು, ಮೇಲೆ ಮುಚ್ಚಳ. ಕೆರೆ ತುಂಬಿರುವಾಗ ವಾರಕ್ಕೊಮ್ಮೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಒಳಗಿನ ನೀರಿನ ಮಟ್ಟ ಬರೆಯಿಸು, ಪಕ್ಕದಲ್ಲಿ ಅವತ್ತಿನ ಕೆರೆಯ ಮಟ್ಟ, ಬಿದ್ದ ಮಳೆ, ನಡುಕವೇನಾದರೂ ಆಗಿದ್ದರೆ ಅದರ ಹೊತ್ತು. ಕೆರೆಯ ಮಟ್ಟ ಹಾಗೇ ಇದ್ದು ಪೈಪಿನ ಮಟ್ಟ ಮಾತ್ರ ಏರಿದರೆ ಎಲ್ಲೋ ಬಸಿಯುವ ದಾರಿ ಕಟ್ಟಿದೆ, ಹುಡುಕಿಸು. ಎರಡು ಮಳೆಗಾಲ ಹೀಗೆ ಬರೆದರೆ ಆ ಏರಿಯ ಅಂಕ ಎಷ್ಟು ಎಂದು ಊಹೆಯಿಲ್ಲದೆ ನೀನೇ ಲೆಕ್ಕ ಹಾಕಬಲ್ಲೆ. ವರ್ಗವಾಗಿ ಹೋಗುವಾಗ ಆ ಪುಸ್ತಕವನ್ನು ಮುಂದೆ ಬರುವವರ ಕೈಗೆ ಕೊಟ್ಟು ಸಹಿ ಹಾಕಿಸಿಕೋ, ಒಂದು ಪ್ರತಿಯನ್ನು ಪಂಚಾಯಿತಿಯಲ್ಲೂ ಇಡಿಸು.